ಹಿಂದಿನ ಟೈರ್ ಒಳಗಡೆ ಸವೆದರೆ ಕ್ಯಾಂಬರ್ ಮೇಲೆ ಗೂಬೆ ಕೂರಿಸಬೇಡಿ

ಕಾರು ತಗ್ಗಿಸಿದವರಿಂದ ಒಂದೇ ಪ್ರಶ್ನೆ ಬಿಟ್ಟೂಬಿಡದೆ ಬರುತ್ತಿದೆ. ಬರೆಯುವವರು ಬೇರೆ, ಕಾರು ಬೇರೆ, ಗೋಳು ಮಾತ್ರ ಅದೇ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಎದುರಿನಿಂದ ನೋಡಿದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್ (ಒಳಕ್ಕಾದರೆ ಮೈನಸ್), ಮೇಲಿನಿಂದ ನೋಡಿದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಇದಕ್ಕಿಂತ ಹಿಂದಕ್ಕೆ ಹೋಗಿ ಅ ಆ ಇ ಈಯಿಂದ ಶುರು ಮಾಡುವುದಿಲ್ಲ. ಸ್ಪ್ರಿಂಗ್ ಬಿಚ್ಚಿಸುವ ಧೈರ್ಯ ಇದ್ದವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು 40 ಮಿ.ಮೀ. ತಗ್ಗಿಸಿದ್ದೇನೆ. ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್, ಅಂದರೆ ಒಂದೊಂದು ಚಕ್ರವನ್ನೂ ಹಲವು ಆರ್ಮ್‌ಗಳು (ತೋಳುಗಳು) ಹಿಡಿದಿರುವಂಥದ್ದು. ಕೆಲವೇ ತಿಂಗಳಲ್ಲಿ ಹಿಂದಿನ ಎರಡೂ ಟೈರ್‌ಗಳ ಒಳಅಂಚು ತಂತಿ ಕಾಣುವಷ್ಟು ಸವೆದಿದೆ. ಕ್ಯಾಂಬರ್ ಮೈನಸ್ 2 ಡಿಗ್ರಿ ಇದೆಯಂತೆ. ಉದ್ದ ಹೊಂದಿಸಬಹುದಾದ ಅಡ್ಜಸ್ಟಬಲ್ ಕ್ಯಾಂಬರ್ ಆರ್ಮ್ ಹಾಕಿಸಿದರೆ ಸರಿಹೋಗುತ್ತಾ?

ಟೋ ಎಷ್ಟಿದೆ? ನೀವು ಅದನ್ನು ಬರೆದೇ ಇಲ್ಲ. ಯಾರೂ ಬರೆಯುವುದಿಲ್ಲ. ಚಕ್ರ ಒಳಕ್ಕೆ ವಾಲಿದ್ದು ದೂರದಿಂದಲೇ ಕಾಣುತ್ತದೆ, ಟೋ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಎಲ್ಲ ಪಾಪವೂ ಕ್ಯಾಂಬರ್ ತಲೆಗೆ.

ಟೋ ಸರಿ ಇದ್ದರೆ ಮೈನಸ್ 2 ಡಿಗ್ರಿಗೆ ಒಳಅಂಚು ಸ್ವಲ್ಪ ಬೇಗ ಸವೆಯುತ್ತದೆ, ನಿಜ. ಆದರೆ ಕೆಲವೇ ತಿಂಗಳಲ್ಲಿ ತಂತಿ ಕಾಣುವಷ್ಟಲ್ಲ. ಲೆಕ್ಕ ನೋಡಿ. ಟೋ ಕೆಟ್ಟು ಒಂದು ಚಕ್ರ ಅರ್ಧ ಡಿಗ್ರಿ ಓರೆಯಾಗಿ ನಿಂತಿದ್ದರೆ, ಕಾರು ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಆ ಟೈರ್ ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿರುತ್ತದೆ. ಕ್ಯಾಂಬರ್‌ನಿಂದ ಭಾರವೆಲ್ಲ ಒಳಅಂಚಿನ ಮೇಲೇ ಬಿದ್ದಿದೆ. ಉಜ್ಜುವುದೂ ಅಲ್ಲೇ. ಇನ್ನೇನು ಉಳಿಯುತ್ತೆ?

ಅಲೈನ್‌ಮೆಂಟ್ ಮೆಷಿನ್‌ಗೆ ಹತ್ತಿಸುವ ಮೊದಲೇ ಇದನ್ನು ಕೈಯಲ್ಲಿ ನೋಡಬಹುದು. ತಂತಿ ಎದ್ದಿರುವ ಜಾಗ ಬಿಟ್ಟು, ಟೈರ್ ಮೇಲೆ ಅಡ್ಡಕ್ಕೆ ಅಂಗೈ ಸವರಿ. ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ. ಒಂದು ದಿಕ್ಕಿಗೆ ನುಣುಪಾಗಿದ್ದು ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಾಕಿದರೆ ಅದು ಟೋ ಕೆಲಸ. ಎರಡೂ ಕಡೆಗೆ ನುಣುಪಾಗಿಯೇ ಇದ್ದು ಅಂಚು ಮಾತ್ರ ಇಳಿದಿದ್ದರೆ ಆಗ ಕ್ಯಾಂಬರ್‌ನ ಬೈಯಿರಿ. ಅಂದ ಹಾಗೆ, ತಂತಿ ಕಂಡ ಟೈರ್ ಮೇಲೆ ಓಡಾಡುತ್ತಿದ್ದೀರಾ? ಮೊದಲು ಅದನ್ನು ಬದಲಿಸಿ, ಆಮೇಲೆ ಮುಂದೆ ಓದಿ.

ಈಗ ಯಾರೂ ಮಾಡದ ಕೆಲಸಕ್ಕೆ ಬರೋಣ. ಹಿಂದಿನ ಆರ್ಮ್‌ಗಳ ತುದಿಯ ಕೀಲಿನಲ್ಲಿರುವ ರಬ್ಬರ್ ಬುಷ್ ಬೇರಿಂಗ್ ಥರ ಸಲೀಸಾಗಿ ತಿರುಗುವುದಿಲ್ಲ. ಬೋಲ್ಟ್ ಬಿಗಿಯಾದಾಗ ಒಳಗಿನ ಲೋಹದ ಕೊಳವೆ ಹಿಡಿದುಕೊಳ್ಳುತ್ತದೆ, ಆರ್ಮ್ ಆಡಿದಷ್ಟೂ ರಬ್ಬರ್ ತಿರುಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಅದನ್ನು ಹಳೆಯ ಎತ್ತರಕ್ಕೆ ಬಿಗಿ ಮಾಡಿದ್ದಾರೆ. ನೀವು 40 ಮಿ.ಮೀ. ಇಳಿಸಿದಿರಿ. ಅಂದರೆ ಕಾರು ಸುಮ್ನೆ ನಿಂತಿದ್ದಾಗಲೂ ರಬ್ಬರ್ ತಿರುಚಿಕೊಂಡೇ ಇದೆ. ಸ್ಪ್ರಿಂಗ್ ಹಾಕಿದವರು ಲಿಫ್ಟ್ ಮೇಲೆ ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದರೆ ಇನ್ನೂ ಕೆಟ್ಟದು. ಇಂಥ ಬುಷ್ ಬೇಗ ಹರಿಯುತ್ತದೆ. ಹರಿದ ಬುಷ್ ಇಟ್ಟುಕೊಂಡು ಟೋ ಎಷ್ಟು ಚೆನ್ನಾಗಿ ಕೂರಿಸಿದರೂ ಬ್ರೇಕ್ ಒತ್ತಿದ ಕೂಡಲೇ ಅದು ಬೇರೆಯೇ ಆಗಿರುತ್ತದೆ.

ಹಾಗಾಗಿ ಕಾರಿನ ಭಾರ ಚಕ್ರಗಳ ಮೇಲೇ ಇರುವಾಗ ಆ ಬೋಲ್ಟ್‌ಗಳನ್ನೆಲ್ಲ ಸಡಿಲಿಸಿ, ಕಾರನ್ನು ನಾಲ್ಕು ಸಲ ಅದುಮಿ ಬಿಟ್ಟು, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಮತ್ತೆ ಬಿಗಿ ಮಾಡಿಸಿ. ಚಕ್ರ ನೆಲಕ್ಕೂರಿ ನಿಲ್ಲುವಂಥ ಲಿಫ್ಟ್ ಅಥವಾ ಗುಂಡಿ ಇದ್ದ ಕಡೆ ಮಾತ್ರ. ಬರೀ ಜಾಕ್ ಕೊಟ್ಟು ಕೆಳಗೆ ನುಗ್ಗುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಆಮೇಲೆ ಕೆಲವು ದಿನ ಓಡಿಸಿ, ಸ್ಪ್ರಿಂಗ್ ಕೂರಲಿ. ಗಾಳಿ ಸರಿ ಮಾಡಿಸಿ, ಡಿಕ್ಕಿಯ ಸಾಮಾನು ಇಳಿಸಿ, ಆಗ ಅಲೈನ್‌ಮೆಂಟ್‌ಗೆ ಹೋಗಿ. ಮೊದಲು ಹಿಂದಿನದು, ಆಮೇಲೆ ಮುಂದಿನದು. ಹಿಂದೆಯೂ ಮೊದಲು ಕ್ಯಾಂಬರ್, ಆಮೇಲೆ ಟೋ, ಯಾಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಅಲ್ಲಾಡುತ್ತದೆ. "ಹಿಂದಿನದು ಬೇಕಾಗಿಲ್ಲ ಸಾರ್, ಮುಂದಿನದು ಮಾಡಿದರೆ ಸಾಕು" ಅನ್ನುವವರ ಹತ್ತಿರ ಗಾಡಿ ಬಿಡಬೇಡಿ. ಹಿಂದಿನ ಎಡ ಬಲ ಟೋ ಸಮ ಇಲ್ಲದಿದ್ದರೆ ಕಾರು ಓರೆಯಾಗಿ ತಳ್ಳಿಕೊಂಡು ಹೋಗುತ್ತದೆ, ನೇರ ರಸ್ತೆಯಲ್ಲೂ ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ.

ಕ್ಯಾಂಬರ್, ಟೋ ಹೊಂದಿಸಲು ತಿರುಗಿಸುವ ಕ್ಯಾಮ್ ಬೋಲ್ಟ್ ಸಡಿಲಿಸುವ ಮೊದಲು ಈಗಿನ ಜಾಗಕ್ಕೆ ಬಣ್ಣದ ಗುರುತು ಹಾಕಿಸಿ. ಸ್ಪ್ಯಾನರ್ ಹಾಕಿದಾಗ ಬೋಲ್ಟ್ ತಲೆ ಸ್ವಲ್ಪ ತಿರುಗಿ, ಬಿಟ್ಟ ಕೂಡಲೇ ಹಿಂದಕ್ಕೆ ಬಂದರೆ, ಅದು ಬುಷ್‌ನ ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ ಅಂತ ಅರ್ಥ. ನೀವು ತಿರುಗಿಸುತ್ತಿರುವುದು ಬರೀ ರಬ್ಬರನ್ನು. ತುಕ್ಕು ಬಿಡಿಸುವ ಎಣ್ಣೆಗೂ ಬಗ್ಗದಿದ್ದರೆ ಕತ್ತರಿಸಿ ಹೊಸ ಬೋಲ್ಟ್, ಹೊಸ ಬುಷ್ ಹಾಕಿಸುವುದೇ ದಾರಿ. ಸುತ್ತಿಗೆ ಬೇಡ.

ಟೋ ಮಾತ್ರ ಕಂಪನಿ ಕೊಟ್ಟ ಅಳತೆಯೊಳಗೇ ಇರಲಿ. ಅದರಲ್ಲೂ ಟೋ-ಇನ್ (ಮೂತಿ ಒಳಕ್ಕೆ) ಕಡೆಗೇ ಇಡಿಸಿ, ಈ ವಿಷಯದಲ್ಲಿ ನಾನು ಪುಕ್ಕಲ. ಹಿಂದಿನ ಚಕ್ರ ಟೋ-ಔಟ್ (ಮೂತಿ ಹೊರಕ್ಕೆ) ಆದರೆ ಜೋರಾಗಿ ಹೋಗುತ್ತಾ ಲೇನ್ ಬದಲಿಸುವಾಗ ಬಾಲ ಅಲ್ಲಾಡುತ್ತದೆ. ಅಲೈನ್‌ಮೆಂಟ್ ಅಳತೆಯ ಪ್ರಿಂಟ್ ಕೇಳಿ ತಗೊಳ್ಳಿ. ಅದರಲ್ಲಿ ಹಸಿರು ಬಣ್ಣ ನೋಡಿ ಖುಷಿಪಡಬೇಡಿ, ಅಂಕಿ ಓದಿ. ಕೆಲವು ಮೆಷಿನ್ ಡಿಗ್ರಿ ತೋರಿಸುತ್ತವೆ, ಕೆಲವು ಮಿ.ಮೀ. 16 ಇಂಚಿನ ರಿಮ್‌ನಲ್ಲಿ 1 ಮಿ.ಮೀ. ಅಂದರೆ ಸುಮಾರು 0.14 ಡಿಗ್ರಿ.

ಇಷ್ಟೆಲ್ಲ ಆದ ಮೇಲೂ ಕಾರಿನ ಬೋಲ್ಟ್‌ಗಳಲ್ಲಿ ಟೋ ಸಿಗದಿದ್ದರೆ, ಇಲ್ಲವೇ ಕ್ಯಾಂಬರ್ ಅಳತೆಗಿಂತ ತುಂಬಾ ಆಚೆ ಉಳಿದರೆ, ಆಗ ಆರ್ಮ್ ಕೊಳ್ಳಿ. ಎಡಕ್ಕೂ ಬಲಕ್ಕೂ ಕ್ಯಾಂಬರ್ ತುಂಬಾ ವ್ಯತ್ಯಾಸ ಇದ್ದರೆ ಕೊಳ್ಳಬೇಡಿ. ಎಲ್ಲೋ ಏನೋ ಬಗ್ಗಿದೆ, ಅದನ್ನು ಹುಡುಕಿಸಿ.

ಪ್ರಶ್ನೆ: ನನ್ನ ಕಾರಿಗೆ ಹಿಂದೆ ಟ್ವಿಸ್ಟ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸಿದ ಒಂದೇ ತೊಲೆ. ತಗ್ಗಿಸಿದ್ದಕ್ಕೆ ಕ್ಯಾಂಬರ್ ಕೆಟ್ಟಿದೆ, ಬೀಮನ್ನು ಕಾಯಿಸಿ ಜಾಕ್‌ನಲ್ಲಿ ಬಗ್ಗಿಸಿ ಕೊಡುತ್ತೇನೆ ಅನ್ನುತ್ತಾರೆ.

ಕೀ ಇಸ್ಕೊಂಡು ಓಡಿ ಬನ್ನಿ. ಆ ಬೀಮ್‌ನಲ್ಲಿ ಕಾರು ಇಳಿಸಿದ ಮಾತ್ರಕ್ಕೆ ಕ್ಯಾಂಬರ್, ಟೋ ಹೆಚ್ಚೇನೂ ಬದಲಾಗುವುದಿಲ್ಲ. ಕೆಟ್ಟಿದ್ದರೆ ಮೊದಲೇ ಕೆಟ್ಟಿತ್ತು. ಸಣ್ಣ ವ್ಯತ್ಯಾಸಕ್ಕೆ ಹಬ್ (ಚಕ್ರ ಕೂರುವ ಭಾಗ) ಹಿಂದೆ ಕೂರಿಸುವ ಓರೆ ಶಿಮ್, ಅಂದರೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಇರುವ ಬಿಲ್ಲೆ ಇದೆ. ವಾಷರ್ ಪೇರಿಸುವುದಕ್ಕೆ ಶಿಮ್ ಅನ್ನುವುದಿಲ್ಲ.

ಪ್ರಶ್ನೆ: ಸ್ಪ್ರಿಂಗ್ ಕೊಳ್ಳುವ ಬದಲು ಇರುವುದನ್ನೇ ಗ್ಯಾಸ್‌ನಲ್ಲಿ ಕಾಯಿಸಿ ಇಳಿಸಬಹುದಾ?

ಬೇಡ.

ಪ್ರಶ್ನೆ: ಹಿಂದೆ ಗಟ್ಟಿ ಆಕ್ಸಲ್. ತಗ್ಗಿಸಿದ ಮೇಲೆ ಒಂದು ಕಡೆ ಟೈರ್ ಹೊರಗೆ ಬಂದ ಹಾಗೆ ಕಾಣುತ್ತದೆ.

ಆಕ್ಸಲ್ ಅಡ್ಡಕ್ಕೆ ಜಾರದ ಹಾಗೆ ಬಾಡಿಗೆ ಹಿಡಿದಿಡುವ ಪ್ಯಾನ್ಹಾರ್ಡ್ ರಾಡ್ ಆಕ್ಸಲನ್ನು ಪಕ್ಕಕ್ಕೆ ತಳ್ಳಿದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿಸಿ.

ಪ್ರಶ್ನೆ: ಹಳೆಯ ಕಾರು. ತಗ್ಗಿಸಿದ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಅಲೈನ್‌ಮೆಂಟ್ ತೊಂದರೆನಾ?

ಅಲ್ಲ, ಮತ್ತು ಇದು ಈ ಸಲದ ಪತ್ರಗಳಲ್ಲೇ ಅಪಾಯದ್ದು. ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಆಕ್ಸಲ್‌ಗೆ ಕಡ್ಡಿಯಿಂದ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಕಾರು ತಗ್ಗಿದರೆ ಭಾರ ಹೇರಿದ್ದಾರೆ ಅಂದುಕೊಂಡು ಅದು ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ ಬಿಡುತ್ತದೆ. ಆ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸುವವರೆಗೆ, ಮಳೆ ಇರಲಿ ಬಿಸಿಲಿರಲಿ, ಕಾರು ತೆಗೆಯಬೇಡಿ.