ಬೀಟಲ್ ಒಳ್ಳೆಯದಾ, 2ಸಿವಿ ಒಳ್ಳೆಯದಾ?

ಜರ್ಮನಿಯಲ್ಲಿದ್ದೀರಿ, ಭಾನುವಾರ ಓಡಿಸೋಕೆ ಒಂದು ಹಳೇ ಕಾರು ಬೇಕು, ಫೋಕ್ಸ್‌ವ್ಯಾಗನ್ ಬೀಟಲ್ಲೋ ಸಿಟ್ರನ್ 2ಸಿವಿಯೋ ಅಂತ ಕೇಳಿದ್ದೀರಿ. ಎರಡನ್ನೂ ಓಡಿಸಿದ್ದೇನೆ. ನನ್ನ ಓಟು 2ಸಿವಿಗೆ.

ಬೀಟಲ್ ಗಟ್ಟಿಪಿಂಡ. ಹಿಂದೆ ನಾಲ್ಕು ಸಿಲಿಂಡರಿನ ಎಂಜಿನ್, ಗಾಳಿಯಲ್ಲೇ ತಣ್ಣಗಾಗುತ್ತದೆ. ಕಿಟಕಿಯ ಗಾಜನ್ನು ಒಂಚೂರು ಇಳಿಸದಿದ್ದರೆ ಬಾಗಿಲು ಸರಿಯಾಗಿ ಮುಚ್ಚುವುದೇ ಇಲ್ಲ, ಅಷ್ಟು ಬಿಗಿ. ಮುಂದಿನ ಗಾಜು ತೊಳೆಯುವ ನೀರು ಚಿಮ್ಮುವುದು ಸ್ಟೆಪ್ನಿ ಟೈರಿನ ಗಾಳಿಯಿಂದ! 2003ರವರೆಗೆ 2 ಕೋಟಿ 15 ಲಕ್ಷ ಬೀಟಲ್ ತಯಾರಾದವು. ಹಾಗಾಗಿ ಬಿಡಿಭಾಗಕ್ಕೆ ಪರದಾಡಬೇಕಿಲ್ಲ.

2ಸಿವಿಯ ಕಥೆಯೇ ಬೇರೆ. 1930ರ ದಶಕದಲ್ಲಿ ಸಿಟ್ರನ್ ಮುಖ್ಯಸ್ಥ ಪಿಯೆರ್ ಬೂಲಾಂಜೆ ಕೇಳಿದ್ದು ಇಷ್ಟು: ಇಬ್ಬರು ರೈತರು, 50 ಕಿಲೋ ಆಲೂಗಡ್ಡೆ, ಗಂಟೆಗೆ 60 ಕಿ.ಮೀ. ಉತ್ತ ಹೊಲದಲ್ಲಿ ಹೋದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. ಯುದ್ಧ ಮುಗಿದು 1948ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದಾಗ ಎಂಜಿನ್ ಬರೀ 375 ಸಿಸಿ. ಆದರೆ ಸಸ್ಪೆನ್ಷನ್ ನೋಡಿ: ಒಂದೊಂದು ಬದಿಯ ಮುಂದಿನ, ಹಿಂದಿನ ಚಕ್ರಗಳ ಸ್ಪ್ರಿಂಗ್‌ಗಳು ಕಾರಿನಡಿ ಉದ್ದಕ್ಕೆ ಮಲಗಿದ ಒಂದೇ ಕೊಳವೆಯೊಳಗಿವೆ. ಮುಂದಿನ ಚಕ್ರ ಗುಂಡಿಗೆ ಬಿದ್ದರೆ ಹಿಂದಿನದಕ್ಕೂ ಸುದ್ದಿ ಹೋಗುತ್ತದೆ. ಕಾರು ಕುಕ್ಕುವುದಿಲ್ಲ, ತೂಗುತ್ತದೆ. ತಿರುವಿನಲ್ಲಿ ಮಾತ್ರ ದೋಣಿಯ ಹಾಗೆ ವಾಲುತ್ತದೆ. ನನ್ನ ಹೆಂಡತಿ ಮೊದಲ ಸಲ ಚೀರಿದ್ದಳು. ಪಲ್ಟಿ ಹೊಡೆಸೋದು ಸುಲಭವಲ್ಲ, ಹೆದರಬೇಡಿ.

ಗೇರು ಡ್ಯಾಶ್‌ಬೋರ್ಡಿನಿಂದ ಹೊರಬಂದ ಕೊಡೆಯ ಹಿಡಿಯಂತಿದೆ, ತಳ್ಳಬೇಕು, ಎಳೆಯಬೇಕು. ಒಂದು ವಾರದಲ್ಲಿ ಕೈಗೆ ಬರುತ್ತದೆ. ಕ್ಯಾನ್ವಾಸ್ ಚಾವಣಿಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿಡಬಹುದು. ಮುಂದಿನ ಕಿಟಕಿಯ ಗಾಜು ಇಳಿಯುವುದಿಲ್ಲ, ಅರ್ಧ ಮೇಲಕ್ಕೆ ಮಡಚುತ್ತದೆ. ಸರಿಯಾಗಿ ಸಿಕ್ಕಿಸದಿದ್ದರೆ ಮೊಣಕೈ ಮೇಲೇ ಬೀಳುತ್ತದೆ (ಅನುಭವ!).

ನೀವು ಆಟೋಬಾನ್‌ನಲ್ಲೇ (ಜರ್ಮನಿಯ ಹೆದ್ದಾರಿ) ಜಾಸ್ತಿ ಓಡಿಸೋದಾದರೆ ಬೀಟಲ್ ತಗೊಳ್ಳಿ. 1500 ಸಿಸಿ ಬೀಟಲ್‌ಗೆ 44 ಕುದುರೆ ಶಕ್ತಿ, 602 ಸಿಸಿಯ ಕೊನೆಯ 2ಸಿವಿಗಳಿಗೆ 29. ಹಿಂದೆ ಲಾರಿ ಬಂದು ನಿಂತಾಗ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹಳ್ಳಿ ರಸ್ತೆಗೆ, ಬಿಸಿಲಿಗೆ 2ಸಿವಿಯೇ ಸರಿ.

ಎಂಜಿನ್ ಎರಡರಲ್ಲೂ ಸರಳ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತುಕ್ಕು ನೋಡಿ. ಬೀಟಲ್‌ನಲ್ಲಿ ಬಾಗಿಲ ಕೆಳಗೆ ಹೀಟರ್ ಗಾಳಿ ಹಾಯುವ ಪೆಟ್ಟಿಗೆ, 2ಸಿವಿಯಲ್ಲಿ ಚಾಸಿ, ಅಂದರೆ ಕಾರಿನಡಿಯ ಚೌಕಟ್ಟು. ನೋಡಲು ಹೋಗುವಾಗ ಜೇಬಲ್ಲಿ ಒಂದು ಸ್ಕ್ರೂಡ್ರೈವರ್ ಇರಲಿ. ಮೆಲ್ಲಗೆ ಚುಚ್ಚಿದಾಗ ಒಳಕ್ಕೆ ಹೋದರೆ ಅಲ್ಲಿಂದಲೇ ವಾಪಸ್ ಬನ್ನಿ.