ಸ್ವಂತ ರೈಫಲ್ ಇದ್ದರೂ ಬ್ರಿಟಿಷ್ ಸೇನೆ ಬೋರ್ನಿಯೊ ಕಾಡಿಗೆ ಅಮೆರಿಕದ ಆರ್ಮಲೈಟ್ ತರಿಸಿಕೊಂಡದ್ದೇಕೆ?

ಮುಖ್ಯ ಕಾರಣ ತೂಕ ಮತ್ತು ಉದ್ದ. 1963ರಿಂದ 1966ರವರೆಗೆ ಇಂಡೊನೇಷ್ಯಾ-ಮಲೇಷ್ಯಾ ಸಂಘರ್ಷದಲ್ಲಿ ಬ್ರಿಟಿಷ್ ಮತ್ತು ಗೂರ್ಖಾ ತುಕಡಿಗಳು ಬೋರ್ನಿಯೊ ದ್ವೀಪದ ಮಲೇಷ್ಯಾ ರಾಜ್ಯಗಳಾದ ಸರವಾಕ್, ಸಬಾ ಗಡಿಯ ದಟ್ಟಾರಣ್ಯದಲ್ಲಿ ಗಸ್ತು ತಿರುಗಬೇಕಿತ್ತು. ಅವರ ಕೈಯಲ್ಲಿದ್ದದ್ದು ಎಸ್‌ಎಲ್‌ಆರ್, ಅಂದರೆ ಸೆಲ್ಫ್ ಲೋಡಿಂಗ್ ರೈಫಲ್. ಅದೂ ಮೂಲತಃ ಬೆಲ್ಜಿಯಂನ ವಿನ್ಯಾಸವೇ. ಬಲು ಗಟ್ಟಿಮುಟ್ಟಾದ ಬಂದೂಕು. ಆದರೆ ಖಾಲಿಯಿದ್ದಾಗಲೇ ನಾಲ್ಕು ಕಿಲೋಗೂ ಹೆಚ್ಚು ತೂಕ, ಒಂದು ಮೀಟರಿಗೂ ಮೀರಿದ ಉದ್ದ. ಬಳ್ಳಿ, ಬಿದಿರುಗಳ ನಡುವೆ ಬಗ್ಗಿ ನುಸುಳುವಾಗ ನಳಿಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕುಳ್ಳಗಿನ ಗೂರ್ಖಾ ಯೋಧರಿಗಂತೂ ಅದು ಇನ್ನಷ್ಟು ತೊಡಕು.

ಆರ್ಮಲೈಟ್ ಎಂದರೆ ಅಮೆರಿಕದ ಬಂದೂಕು ವಿನ್ಯಾಸಕ ಯೂಜಿನ್ ಸ್ಟೋನರ್ ರೂಪಿಸಿದ ಎಆರ್-15. ಅದರ ತೂಕ ಸುಮಾರು ಮೂರು ಕಿಲೋ ಮಾತ್ರ. ನನ್ನ ದೃಷ್ಟಿಯಲ್ಲಿ ನಿಜವಾದ ಲಾಭ ಗುಂಡಿನ ತೂಕದಲ್ಲಿತ್ತು. ಎಸ್‌ಎಲ್‌ಆರ್‌ನ 7.62 ಮಿ.ಮೀ. ಗುಂಡು ಸುಮಾರು 24 ಗ್ರಾಂ ತೂಗಿದರೆ, 5.56 ಮಿ.ಮೀ. ಗುಂಡು ಸುಮಾರು 12 ಗ್ರಾಂ. ದಿನಗಟ್ಟಲೆಯ ಅಕ್ಕಿ, ನೀರು, ಹಾಸಿಗೆ ಎಲ್ಲವನ್ನೂ ಬೆನ್ನ ಮೇಲೆಯೇ ಹೊರುವವನಿಗೆ, ಅಷ್ಟೇ ಭಾರಕ್ಕೆ ಎರಡರಷ್ಟು ಗುಂಡು ಸಿಗುವುದೆಂದರೆ ಜೀವದ ಪ್ರಶ್ನೆ.

ಕಾಡಿನ ಕಾಳಗ ಕೆಲವೇ ಮೀಟರ್ ಅಂತರದಲ್ಲಿ, ಕ್ಷಣಾರ್ಧದಲ್ಲಿ ನಡೆದುಹೋಗುತ್ತದೆ. ಅಲ್ಲಿ ದೂರದ ಗುರಿಗಿಂತ ಮೊದಲ ಹೊಡೆತದ ಬಿರುಸು ಮುಖ್ಯ. ಬ್ರಿಟನ್ನಿನ ಎಸ್‌ಎಲ್‌ಆರ್ ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರಿಸುತ್ತಿತ್ತು. ಆರ್ಮಲೈಟ್ ಎಡೆಬಿಡದೆ ಸುರಿಸಬಲ್ಲದಾಗಿತ್ತು.

ಹಾಗೆಂದು ಇಡೀ ಸೇನೆ ಬದಲಾಗಲಿಲ್ಲ. ಆಗ 7.62 ಮಿ.ಮೀ. ನ್ಯಾಟೊ ಕೂಟದ ಪ್ರಮಾಣಿತ ಗುಂಡಾಗಿತ್ತು. ಎಸ್‌ಎಲ್‌ಆರ್ 1980ರ ದಶಕದವರೆಗೂ ಬ್ರಿಟಿಷರ ಮುಖ್ಯ ರೈಫಲ್ ಆಗಿಯೇ ಉಳಿಯಿತು. ಆರ್ಮಲೈಟ್ ಕಾಡಿಗೆ ಇಳಿಯುವವರ ಕೈಗೆ ಹೋಯಿತು.