ಫ್ಲೋರ್‌ಗಿಂತ ಮೊದಲು ಕೌಲ್ ನೋಡಿ

1966ರ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ ಡ್ರೈವರ್ ಕಾಲಿನ ಹತ್ತಿರ ಫ್ಲೋರ್ ತುಕ್ಕು ಹಿಡಿದು ತೂತಾಗಿದೆ, ಹೊಸ ತಗಡು ವೆಲ್ಡ್ ಮಾಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಆ ನೀರು ಮೇಲಿನಿಂದ ಇಳಿದಿರುವ ಸಾಧ್ಯತೆಯೇ ಜಾಸ್ತಿ.

ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಸೀಳು ಸೀಳಾಗಿ ಕಾಣುತ್ತಲ್ಲ, ಅದೇ ಕೌಲ್. ಎರಡು ತಗಡು ಸೇರಿಸಿ ಸ್ಪಾಟ್ ವೆಲ್ಡ್ (ಅಲ್ಲಲ್ಲಿ ಚುಕ್ಕೆಯಂತೆ ಬೆಸುಗೆ) ಮಾಡಿರುತ್ತಾರೆ. ಕೆಳಗಿನ ತಗಡಿನಲ್ಲಿ ಗಾಳಿ ಒಳಗೆ ಬರಲು ಎರಡು ಕಡೆ ತೂತು, ಸುತ್ತಲೂ ಎತ್ತರದ ಅಂಚು. ಎಲೆ, ಮಣ್ಣು ಅಲ್ಲಿ ಕೂತು ತೇವ ಹಿಡಿದಿಡುತ್ತವೆ. ಆ ಅಂಚಿನ ಬುಡ ನಿಧಾನಕ್ಕೆ ತುಕ್ಕು ಹಿಡಿದು ಕರಗಿ ಹೋಗುತ್ತದೆ, ನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ.

ಪರೀಕ್ಷೆ ಸುಲಭ. ಒಬ್ಬರು ಕೌಲ್ ಮೇಲೆ ಪೈಪಿನಲ್ಲಿ ನೀರು ಬಿಡಲಿ, ನೀವು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಅಡಿ ಮಲಗಿ. ಒಳಗೆ ಒಂದು ಹನಿಯೂ ಬೀಳಬಾರದು. ನಾನು ಈ ಪರೀಕ್ಷೆ ಮಾಡದೆ ಮೊದಲು ಫ್ಲೋರ್ ಹಾಕಿದ್ದೆ. ಒಂದೇ ಮಳೆಗೆ ಹೊಸ ಕಾರ್ಪೆಟ್ ಹಿಂಡಿದರೆ ಕಂದು ನೀರು ಬರುತ್ತಿತ್ತು. ಅವತ್ತು ತುಂಬಾ ಬೇಜಾರಾಗಿತ್ತು.

ಸೋರಿದರೆ ಮೇಲಿನ ತಗಡಿನ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು ಬಿಚ್ಚಿಯೇ ರಿಪೇರಿ ಮಾಡಬೇಕು. ಬೇಸರದ ಕೆಲಸ, ಆದರೆ ಸುಮ್ನೆ ಮೇಲಿಂದ ಸೀಲರ್ (ಸೋರಿಕೆ ಮುಚ್ಚುವ ಅಂಟು) ಸುರಿದರೆ ಬಾಳಿಕೆ ಬರುವುದಿಲ್ಲ.

ಫ್ಲೋರ್ ಕತ್ತರಿಸುವಾಗ ಇನ್ನೊಂದು ಎಚ್ಚರಿಕೆ. ಈ ಕಾರಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗೇ ಕತ್ತರಿಸಿದರೆ ಅದು ಬಾಗಬಹುದು. ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿಕೊಂಡೇ ಕತ್ತರಿಸಿ. ನಿಮ್ಮದು ಕನ್ವರ್ಟಿಬಲ್ (ಛಾವಣಿ ಮಡಚುವ ಕಾರು) ಆಗಿದ್ದರಂತೂ ಇದನ್ನು ಬಿಡಲೇಬೇಡಿ. ನೀರು ಬಿಟ್ಟು ನೋಡಿದ ಮೇಲೆ ಯಾವ ಕಡೆ ಸೋರಿತು ಅಂತ ತಿಳಿಸ್ತೀರಾ?